ಸವತಿಯ ಹೆಸರಿನ ಮಗಳು

ನದೀಮೂಲ, ಋಷಿಮೂಲ ಹುಡುಕಬಾರದು ಎಂಬ ಗಾದೆಯನ್ನು ನನ್ನ ಸೊಸೆಗೆ ಹೇಳಿಕೊಟ್ಟವಳು ನಾನೇ. ಅವಳು ಅದನ್ನು ಮತ್ತೆ ಮತ್ತೆ ಹೇಳಿ ಬಾಯಿಪಾಠ ಮಾಡಿಕೊಂಡಳು, ಅರ್ಥವನ್ನೂ ಕೇಳಿ ತಿಳಿದುಕೊಂಡಳು, ಆಮೇಲೆ ಲ್ಯಾಪ್‌ಟಾಪ್ ತೆರೆದು ತನ್ನ ಮನೆತನದ ಮೂಲ ಹುಡುಕುವುದನ್ನೇ ಮುಂದುವರಿಸಿದಳು. ಅಮೆರಿಕದ ಹುಡುಗಿ. ಇಲ್ಲಿ ಸಿಂಗಪುರದಲ್ಲಿ, ಕ್ಲೆಮೆಂಟಿಯ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾಳೆ. ನನ್ನನ್ನು ಅತ್ತೆ ಎಂದೇ ಕರೆಯುತ್ತಾಳೆ, ತಿಳಿಸಾರು ಮಾಡುತ್ತಾಳೆ, ತನ್ನದೇ ಧಾಟಿಯಲ್ಲಿ ಕನ್ನಡವನ್ನೂ ಆಡುತ್ತಾಳೆ. ಬೇಡ ಅಂದದ್ದನ್ನು ಮಾಡುವುದರಲ್ಲೂ ನಮ್ಮ ಕಡೆಯ ಸೊಸೆಯಂದಿರಿಗಿಂತ ಏನೂ ಕಡಿಮೆಯಿಲ್ಲ.

ಆಗ ಅವಳಿಗೆ ಏಳು ತಿಂಗಳು ತುಂಬಿತ್ತು. ಓಡಾಟ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರಿಂದ ರಜೆ ಹಾಕಿ ಟ್ಯಾಂಪಿನೀಸಿನ ನಮ್ಮ ಮನೆಗೆ ಬಂದಿದ್ದಳು. ತಾಯಿ ಇಲ್ಲದ ಹುಡುಗಿ, ಬಾಣಂತನ ನಾನೇ ಮಾಡುತ್ತೇನೆ ಎಂದು ಮೊದಲೇ ಹೇಳಿಬಿಟ್ಟಿದ್ದೆ. ನನ್ನ ಯಜಮಾನರು ಹೋದ ಮೇಲೆ ಭಣಗುಡುತ್ತಿದ್ದ ಮನೆ ಮತ್ತೆ ತುಂಬಿಕೊಂಡಿತು. ತುಂಬಿಕೊಂಡಿತು ಎಂದರೆ ಅಕ್ಷರಶಃ ಹಾಗೆ: ಊಟದ ಮೇಜಿನ ಮೇಲೆ ಅವಳ ಕಾಗದ, ನಕ್ಷೆ, ವಂಶವೃಕ್ಷದ ಚಾರ್ಟುಗಳು. ತರಕಾರಿ ಹೆಚ್ಚಲು ನನಗೆ ಜಾಗವಿರಲಿಲ್ಲ. ಒಂದೆರಡು ದಿನ ಸಿಡುಕಿದೆ. ಆಮೇಲೆ ಅವಳ ಮುತ್ತಜ್ಜಂದಿರನ್ನು ಸ್ವಲ್ಪ ಪಕ್ಕಕ್ಕೆ ತಳ್ಳಿ ಅಲ್ಲೇ ಹುರುಳಿಕಾಯಿ ಹೆಚ್ಚತೊಡಗಿದೆ.

ಅವಳು ಹುಡುಕುತ್ತಿದ್ದದ್ದು ಏಳೆಂಟು ತಲೆಮಾರಿನ ಹಿಂದಿನ ಒಬ್ಬ ಅಜ್ಜನ ಸಂಸಾರವನ್ನು. ಅಮೆರಿಕದ ಊರುಗಳೆಲ್ಲ ಇನ್ನೂ ಸಮುದ್ರದ ಅಂಚಿನಲ್ಲೇ ಇದ್ದ ಕಾಲದಲ್ಲಿ ಆ ಮನುಷ್ಯ ಹೆಂಡತಿಯನ್ನು ಕರೆದುಕೊಂಡು ಬೆಟ್ಟಸಾಲು ದಾಟಿ, ಒಂದು ಹೊಳೆಯ ಪಕ್ಕ ಮರ ಕಡಿದು, ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿ ಮನೆ ಕಟ್ಟಿಕೊಂಡನಂತೆ.

“ಬರೀ ಕಾಡು, ಯಾರೂ ಇರ್ಲಿಲ್ಲ ಅಂತ ನಮ್ಮನೇಲಿ ಹೇಳ್ತಾರೆ” ಎಂದಳು.

“ಅಷ್ಟು ದೊಡ್ಡ ಹೊಳೆ ಪಕ್ಕ ಯಾರೂ ಇಲ್ದೆ ಇರ್ತಾರೇನೇ?” ಎಂದೆ.

“ಇದ್ರು ಅತ್ತೆ. ಅವ್ರನ್ನ ಓಡಿಸಿದ್ರು. ಆ ಪಾರ್ಟ್ ಅಪ್ಪನ ಸ್ಟೋರೀಲಿ ಬರಲ್ಲ.”

ಮುಚ್ಚುಮರೆ ಇಲ್ಲದ ಆ ಉತ್ತರ ನನಗೆ ಹಿಡಿಸಿತು. ಅಪ್ಪನ ಕಥೆಯಲ್ಲಿ ಬರುತ್ತಿದ್ದದ್ದು ಅಜ್ಜನಿಗಿಂತ ಹೆಚ್ಚಾಗಿ ಅವನ ಹೆಂಡತಿ. ಅಡುಗೆಯ ಕಬ್ಬಿಣದ ಬಾಣಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಆಕೆ ಇಡೀ ಬೆಟ್ಟ ನಡೆದು ದಾಟಿದಳಂತೆ. ದಾರಿಯಲ್ಲಿ ಅಡ್ಡ ಬಂದ ಕರಡಿಯನ್ನು ಅದೇ ಬಾಣಲೆ ಬಡಿದು ಓಡಿಸಿದಳಂತೆ. ಕರಡಿಯ ವಿಷಯದಲ್ಲಿ ನನಗೂ ಸೊಸೆಗೂ ಸಮಾನ ಅನುಮಾನವಿತ್ತು. ಆದರೂ ಅವಳನ್ನು ನಾವು ಬಾಣಲೆ ಅಜ್ಜಿ ಎಂದು ಕರೆಯತೊಡಗಿದೆವು. ಬಾಣಲೆ ಅಜ್ಜಿಯ ಹೆಸರು ಅವಳ ಮಗಳಿಗೆ, ಆ ಮಗಳ ಮೊಮ್ಮಗಳಿಗೆ, ಹೀಗೆ ಇಳಿದು ಇಳಿದು ಸೊಸೆಯ ಅಜ್ಜಿಗೂ ಬಂದಿತ್ತು, ಸೊಸೆಯ ಹೆಸರಿನ ನಡುವೆಯೂ ಸೇರಿತ್ತು. ಹುಟ್ಟುವುದು ಹೆಣ್ಣಾದರೆ ಅದಕ್ಕೂ ಅದೇ ಹೆಸರು ಎಂದು ಅಲ್ಲಿ ಅವಳ ಅಪ್ಪ ಕಾದು ಕುಳಿತಿದ್ದರು.

ಅವರು ನನಗೆ ಬೀಗರು. ಮರಗೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ, ಹೃದಯದ ಆಪರೇಷನ್ನೂ ಆದ ಮೇಲೆ, ಅವರನ್ನು ಎಬ್ಬಿಸಿ ಓಡಾಡಿಸಿದ್ದು ಈ ಹುಡುಕಾಟವೇ. ಹಳೆಯ ಸ್ಮಶಾನಗಳಲ್ಲಿ ಮೊಣಕಾಲೂರಿ ಹುಲ್ಲು ಸರಿಸಿ ನೋಡುತ್ತಾ ನೋಡುತ್ತಾ, ಕೊನೆಗೆ ಬಾಣಲೆ ಅಜ್ಜಿಯನ್ನು ಹೂಳಿದ ಜಾಗವನ್ನು ಪತ್ತೆ ಮಾಡಿದ್ದರು. ಅಲ್ಲಿ ಇದ್ದದ್ದು ಹೊಲದಿಂದ ತಂದು ನೆಟ್ಟ ಒಂದು ಕಾಡುಕಲ್ಲು, ಅದರ ಮೇಲೆ ಅಕ್ಷರವೇ ಇಲ್ಲ. ಹೊಸ ಕಲ್ಲು ಹಾಕಿಸಲು ಕಲ್ಲುಕೆಲಸದವನಿಗೆ ಹೇಳಿದ್ದೂ ಆಗಿತ್ತು. ಹೆಸರಿನ ಕೆಳಗೆ ‘ನಮ್ಮೆಲ್ಲರ ತಾಯಿ’ ಎಂದು ಕೆತ್ತಿಸಬೇಕೆಂಬುದು ಅವರ ಆಸೆ. ಕೆತ್ತಿಸುವ ಮುಂಚೆ ತಾರೀಖುಗಳನ್ನೆಲ್ಲ ಇನ್ನೊಮ್ಮೆ ತಾಳೆ ನೋಡು ಎಂದು ಮಗಳಿಗೆ ಒಪ್ಪಿಸಿದ್ದರು. ಅಲ್ಲಿಂದ ಶುರುವಾಯಿತು ನನ್ನ ಊಟದ ಮೇಜಿನ ಗ್ರಹಚಾರ.

ಒಂದು ದಿನ ಮಧ್ಯಾಹ್ನ ಸೊಸೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಳಿತಿದ್ದಳು. ಹೊಟ್ಟೆ ನೋವೋ ಏನೋ ಎಂದು ಗಾಬರಿಯಾದೆ. ಹೊಟ್ಟೆ ನೋವಲ್ಲ, ತಾರೀಖು. ಬಾಣಲೆ ಅಜ್ಜಿ ಸತ್ತದ್ದು ಒಂದು ಚಳಿಗಾಲದಲ್ಲಿ. ಅವಳ ಹೆಸರು ಹೊತ್ತ ಮಗಳು, ಅಂದರೆ ಇವರ ವಂಶ ಯಾರಿಂದ ಇಳಿದು ಬಂತೋ ಆ ಮಗಳು, ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ.

“ಎಲ್ಲೋ ಮಿಸ್ಟೇಕ್ ಆಗಿದೆ ಅತ್ತೆ. ಅಮ್ಮ ಸತ್ತ ಮೇಲೆ ಮಗು ಹೆಂಗೆ ಹುಟ್ಟುತ್ತೆ? ಬರ್ತ್ ಡೇಟ್ ತಪ್ಪು ಇರ್ಬೇಕು. ಎರಡು ಕಡೆ ಚೆಕ್ ಮಾಡಿದೆ, ಅದೇ ಬರ್ತಿದೆ.”

“ಆ ಅಜ್ಜ ಇನ್ನೊಂದು ಮದುವೆ ಆಗ್ಲಿಲ್ವಾ?”

“ಆದ, ಒಂದೇ ವರ್ಷದಲ್ಲಿ. ಅವಳ ಹೆಸ್ರು ಕೂಡ ಯಾರಿಗೂ ಗೊತ್ತಿಲ್ಲ. ಆದ್ರೆ ಈ ಮಗಳಿಗೆ ಮೊದಲನೇ ಹೆಂಡ್ತಿ ಹೆಸ್ರು ಇದೆಯಲ್ಲ? ಸೋ ಅವಳ ಮಗಳೇ ಆಗ್ಬೇಕು.”

ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಏನೂ ಯೋಚಿಸದೆ ಬಾಯಿಗೆ ಬಂದದ್ದನ್ನು ಹೇಳಿದೆ.

“ಅದ್ರಲ್ಲೇನಿದೆ? ಎರಡನೆಯವಳ ಮಗಳು. ಮೊದಲನೆಯವಳ ಹೆಸರಿಟ್ಟಿದಾರೆ. ನಂಗೂ ಹಾಗೇ ತಾನೇ ಇಟ್ಟಿದ್ದು.”

ಅವಳು ತಲೆಯಿಂದ ಕೈ ತೆಗೆದಳು. ಇದನ್ನು ನಾನು ಅವಳಿಗೆ ಹೇಳಿರಲಿಲ್ಲ. ಬಚ್ಚಿಟ್ಟದ್ದೇನಲ್ಲ, ಹೇಳುವ ಸಂದರ್ಭ ಬಂದಿರಲಿಲ್ಲ ಅಷ್ಟೆ. ನನ್ನ ಅಪ್ಪನ ಮೊದಲ ಹೆಂಡತಿ ಮದುವೆಯಾಗಿ ಸ್ವಲ್ಪ ಕಾಲಕ್ಕೇ ಜ್ವರ ಬಂದು ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಆಮೇಲೆ ಅಪ್ಪ ಮದುವೆಯಾದದ್ದು ನನ್ನ ಅಮ್ಮನನ್ನು. ಅಮ್ಮನ ಕರಿಮಣಿ ಸರದಲ್ಲಿ ತಾಳಿಯ ಪಕ್ಕದಲ್ಲೇ ಒಂದು ಪುಟ್ಟ ಚಿನ್ನದ ಪದಕ ಇತ್ತು. ಅದರ ಮೇಲೆ ಒಬ್ಬ ಹೆಂಗಸಿನ ರೂಪ. ಮುತ್ತೈದೆಯಾಗಿ ಹೋದ ಸವತಿಯ ಗುರುತು ಅದು. ಎರಡನೆಯವಳಾಗಿ ಬಂದವಳು ಅದನ್ನು ಕೊರಳಲ್ಲಿ ಧರಿಸಿಯೇ ಸಂಸಾರ ಮಾಡಬೇಕು. ಹೋದವಳಿಗೆ ಮುನಿಸು ಬರಬಾರದು ಎಂಬ ಭಯ ಅದರ ಹಿಂದೆ ಇತ್ತು, ನಿಜ. ಆದರೆ ನನ್ನ ಅಮ್ಮ ಭಯ ಪಡುವ ಪೈಕಿಯಲ್ಲ. ಅವಳು ಆಕೆಯನ್ನು ಅಕ್ಕ ಎನ್ನುತ್ತಿದ್ದಳು. ಮೈಸೂರಿನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಹಾಲು ಒಲೆಯ ಮೇಲಿಟ್ಟು ನಲ್ಲಿಯ ಹತ್ತಿರ ಓಡುವಾಗ, “ಅಕ್ಕಾ, ಒಂದ್ ನಿಮಿಷ ಹಾಲು ನೋಡ್ಕೊಳ್ಳಿ” ಎಂದು ಗೋಡೆಗೆ ಹೇಳಿ ಹೋಗುತ್ತಿದ್ದಳು. ಹಾಲು ಉಕ್ಕಿದರೆ ಅಕ್ಕನ ಮೇಲೇ ಗೊಣಗುತ್ತಿದ್ದಳು.

ಹಬ್ಬದ ದಿನ ಮೊದಲ ಎಡೆ ಅಕ್ಕನಿಗೆ. ಸೀರೆ ತಂದರೆ ಒಂದು ಗಳಿಗೆ ಅಕ್ಕನ ಮುಂದಿಟ್ಟು ಆಮೇಲೆ ಉಡುವುದು. ನಾನು ಹುಟ್ಟಿದಾಗ ಅಮ್ಮ ತಾನೇ ಹಟ ಹಿಡಿದು ಅಕ್ಕನ ಹೆಸರನ್ನೇ ಇಡಿಸಿದಳಂತೆ. ಅದರಿಂದ ಅವಳಿಗೆ ಒಂದು ತೊಂದರೆಯೂ ಆಯಿತು. ನನ್ನನ್ನು ಹೆಸರು ಹಿಡಿದು ಬೈಯುವ ಹಾಗಿರಲಿಲ್ಲ. ಬೈದರೆ ಅಕ್ಕನನ್ನೇ ಬೈದ ಹಾಗೆ. ಹೀಗಾಗಿ ಕೋಪ ಬಂದಾಗಲೆಲ್ಲ ‘ಕೋತಿ’ ಎನ್ನುತ್ತಿದ್ದಳು. ನನಗೆ ಬುದ್ಧಿ ಬರುವವರೆಗೆ ಮನೆಯಲ್ಲಿ ಹೆಚ್ಚಾಗಿ ಕೇಳಿಸುತ್ತಿದ್ದದ್ದು ಆ ಹೆಸರೇ.

ಸೊಸೆ ನಗಲಿಲ್ಲ. ಚಾರ್ಟನ್ನು ತನ್ನ ಕಡೆಗೆ ಎಳೆದುಕೊಂಡು, ಬಾಣಲೆ ಅಜ್ಜಿಯಿಂದ ಮಗಳಿಗೆ ಎಳೆದಿದ್ದ ಗೆರೆಯ ಮೇಲೆ ಬೆರಳಿಟ್ಟು ಕುಳಿತಳು.

“ಹಾಗಾದ್ರೆ ಡೇಟ್ಸ್ ಎಲ್ಲ ಸರಿಯಾಗೇ ಇದೆ” ಎಂದಳು. ಗೆರೆಯಿಂದ ಬೆರಳು ತೆಗೆದು, “ಅಪ್ಪಂಗೆ ಹೇಗೆ ಹೇಳ್ಲಿ ಅತ್ತೆ?” ಎಂದಳು.

ಆಗಲೇ ನನಗೂ ಅರ್ಥವಾದದ್ದು. ನಾನು ಹುರುಳಿಕಾಯಿ ಹೆಚ್ಚುತ್ತಾ ಆ ಮನುಷ್ಯನ ಕಲ್ಲನ್ನೇ ಒಡೆದು ಹಾಕಿದ್ದೆ. ಅಷ್ಟು ವರ್ಷ ಮೊಣಕಾಲೂರಿ ಹುಡುಕಿದ ‘ನಮ್ಮೆಲ್ಲರ ತಾಯಿ’ ಅವರಿಗೆ ತಾಯಿಯೇ ಅಲ್ಲ. ನಿಜವಾದ ಅಜ್ಜಿಗೆ ಹೆಸರೂ ಇಲ್ಲ, ಗೋರಿಯೂ ಇಲ್ಲ, ಬಾಣಲೆಯೂ ಇಲ್ಲ.

ಆ ಸಂಜೆ ಮಗನಿಗೆ ವಿಷಯ ಗೊತ್ತಾಯಿತು. ಅವನು ಸುಲಭದ ದಾರಿ ಹುಡುಕುವುದರಲ್ಲಿ ಅವರಪ್ಪನ ಹಾಗೆ.

“ಹೇಳೋದೇ ಬೇಡ ಬಿಡು. ಅವ್ರ ಹಾರ್ಟ್ ಕಂಡೀಷನ್ ಗೊತ್ತಲ್ಲ? ಇನ್ನೂರೈವತ್ತು ವರ್ಷದ ಹಿಂದಿನ ಮ್ಯಾಟರು. ಯಾರ್ ಬಂದು ಚೆಕ್ ಮಾಡ್ತಾರಮ್ಮಾ?”

ನನಗೆ ಸಿಟ್ಟು ನೆತ್ತಿಗೇರಿತು. “ಅವಳು ಹೆತ್ತಿದಾಳೆ ಕಣೋ! ಕಾಡಲ್ಲಿ ಒಬ್ಳೇ ಹೆತ್ತು, ಆ ಮಗೂಗೆ ಬೇರೆಯವಳ ಹೆಸರಿಟ್ಟು ಕರೆದಿದಾಳೆ. ಅವಳನ್ನ ಹೀಗೆ ಒರೆಸಿ ಹಾಕ್ತೀರಾ?” ಎಂದು ಕೂಗಾಡಿಬಿಟ್ಟೆ. ಮಗ ಬೆರಗಾಗಿ ನನ್ನನ್ನೇ ನೋಡಿದ. ನನಗೂ ಆಮೇಲೆ ಆಶ್ಚರ್ಯವಾಯಿತು. ಎಂದೂ ಕಾಣದ ಅಮೆರಿಕದ ಹೆಂಗಸಿಗಾಗಿ ನಾನೇಕೆ ಅಷ್ಟು ಜಗಳವಾಡಿದೆನೋ!

ಬೀಗರು ಹೆರಿಗೆಗೆ ಮೂರು ವಾರ ಮುಂಚೆ ಬಂದಿಳಿದರು. ನಮ್ಮ ಬಾಗಿಲಿನ ತೋರಣಕ್ಕೆ ತಲೆ ತಾಗುವಷ್ಟು ಎತ್ತರದ ಆಳು. ಬಂದ ಮಾರನೆಯ ದಿನವೇ ಕಿರುಗುಟ್ಟುವ ನಮ್ಮ ಬೀರುವಿನ ಬಾಗಿಲನ್ನು ಬಿಚ್ಚಿ ಸರಿಮಾಡಿದರು. ಬೆಳಿಗ್ಗೆ ನಾನು ಅವರನ್ನು ತಿಂಡಿ ಅಂಗಡಿಗಳ ಸಾಲಿರುವ ಹಾಕರ್ ಸೆಂಟರಿಗೆ ಕರೆದುಕೊಂಡು ಹೋಗುತ್ತಿದ್ದೆ. ಇಲ್ಲಿನವರು ಕೊಪಿ ಎನ್ನುವ ಕಾಫಿ ಕುಡಿಯುತ್ತಾ ಅವರು ಬಾಣಲೆ ಅಜ್ಜಿಯ ಕಥೆ ಹೇಳುತ್ತಿದ್ದರು. ಫೋನಿನಲ್ಲಿ ಕಲ್ಲಿನ ಚಿತ್ರ ತೋರಿಸಿದರು: ಬೂದು ಬಣ್ಣದ, ನುಣುಪಾದ, ಇನ್ನೂ ಬರಿದಾದ ಕಲ್ಲು. ಕಲ್ಲುಕೆಲಸದವನು ಅಕ್ಷರಗಳಿಗಾಗಿ ಕಾಯುತ್ತಿದ್ದಾನಂತೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಮನೆಯಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಕೊನೆಗೆ ಕಟ್ಟಿದವಳು ಸೊಸೆಯೇ. “ನೀವು ಪಕ್ಕದಲ್ಲಿರಿ ಅತ್ತೆ” ಎಂದು ನನ್ನನ್ನು ಕೂರಿಸಿಕೊಂಡು, ಚಾರ್ಟನ್ನು ಅಪ್ಪನ ಮುಂದೆ ಹರಡಿ, ತಾರೀಖುಗಳನ್ನು ಒಂದೊಂದಾಗಿ ತೋರಿಸಿದಳು. ಸುತ್ತಿ ಬಳಸಿ ಹೇಳಲಿಲ್ಲ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ಒರೆಸಿ ಮತ್ತೆ ನೋಡಿದರು. “ಥ್ಯಾಂಕ್ಯೂ” ಎಂದು ಮಗಳಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನಲ್ಲಿ ಕೆಳಗೆ ಹೋದರು.

ಬಹಳ ಹೊತ್ತಾದರೂ ಬರಲಿಲ್ಲ. ಬಸುರಿ ಹೋಗುವುದು ಬೇಡ ಎಂದು ನಾನೇ ಇಳಿದು ಹೋದೆ. ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ ಎಂಬ ತೆರೆದ ಪಡಸಾಲೆಯಲ್ಲಿ, ಮುದುಕರು ಚದುರಂಗವಾಡುವ ಕಲ್ಲುಮೇಜಿನ ಮುಂದೆ ಒಬ್ಬರೇ ಕುಳಿತಿದ್ದರು. ಎದುರಿಗೆ ಹೋಗಿ ಕೂತೆ. ನಮ್ಮ ಮಾತು ಇಂಗ್ಲಿಷಿನಲ್ಲೇ, ನಾನು ಬ್ಯಾಂಕಿನಲ್ಲಿ ದುಡಿದವಳು, ಅದೇನೂ ಕಷ್ಟವಿರಲಿಲ್ಲ. ಏನು ಹೇಳಬೇಕು ಎಂಬುದೇ ಕಷ್ಟವಾಗಿದ್ದದ್ದು.

“ನನಗೆ ಬುದ್ಧಿ ಬಂದಾಗಿನಿಂದ ಅವಳನ್ನು ಪ್ರೀತಿಸಿದ್ದೇನೆ” ಎಂದರು ಅವರೇ. “ಈಗ ನೋಡಿದರೆ ಅವಳು ನನಗೆ ಏನೂ ಅಲ್ಲ.”

ಅದನ್ನು ಕೇಳಿ ನನಗೆ ದುಃಖವಾಯಿತು, ಸ್ವಲ್ಪ ರೇಗಿತು ಕೂಡ. ಏನೂ ಅಲ್ಲ ಎಂದರೇನು? ನಾನು ನನ್ನ ಅಮ್ಮನ ಕೊರಳಿನ ಪದಕದ ಕಥೆ ಹೇಳಿದೆ. ಹಾಲು ಕಾಯುತ್ತಿದ್ದ ಅಕ್ಕನ ಕಥೆ ಹೇಳಿದೆ. ಆಕೆಯ ಒಂದು ಹನಿ ರಕ್ತವೂ ನನ್ನ ಮೈಯಲ್ಲಿಲ್ಲ, ಆದರೂ ಆಕೆ ನನ್ನ ದೊಡ್ಡಮ್ಮ. ಹೊಟ್ಟೆಯಿಂದ ಬಾರದಿದ್ದರೂ ಹೆಸರಿನಿಂದ ಬಂದಿದ್ದೇನೆ ಎಂದೆ. ಆ ಮಗಳಿಗೆ ಆ ಹೆಸರು ಇಟ್ಟವಳೂ ಸತ್ತವಳನ್ನು ಮನೆಯಿಂದ ಹೊರಗೆ ಹಾಕಲಿಲ್ಲ, ಕರೆದು ಒಳಗೇ ಕೂರಿಸಿಕೊಂಡಳು. ಕರಡಿ, ಬಾಣಲೆಯ ಕಥೆ ನಿಮ್ಮವರೆಗೆ ಬಂದದ್ದಾದರೂ ಹೇಗೆ? ಮೊದಲನೆಯವಳು ಹೇಳಲು ಬದುಕಿರಲಿಲ್ಲ. ಆ ಮಗುವಿಗೆ ಕೂರಿಸಿಕೊಂಡು ಹೇಳಿದವಳು ಎರಡನೆಯವಳೇ ಇರಬೇಕು ಎಂದೆ. ಇರಬೇಕು ಎಂದೆ ಅಷ್ಟೆ. ಅಲ್ಲಿದ್ದು ನೋಡಿದವಳಲ್ಲ ನಾನು. ಆದರೆ ಅಂಥವಳ ಕೈಯಲ್ಲಿ ಬೆಳೆದವಳು.

ಪಕ್ಕದ ಮೇಜಿಗೆ ಇಬ್ಬರು ಅಂಕಲ್‌ಗಳು ಚದುರಂಗದ ಪೆಟ್ಟಿಗೆ ತಂದು ಕಾಯಿ ಜೋಡಿಸತೊಡಗಿದರು.

“ನಿಮಗೆ ನಿಮ್ಮ ದೊಡ್ಡಮ್ಮನ ಹೆಸರು” ಎಂದರು ಬೀಗರು. “ನಿಮ್ಮ ತಾಯಿಯ ಹೆಸರು ಯಾರಿಗಿದೆ?”

ಯಾರಿಗೂ ಇಲ್ಲ ಎಂದೆ. ಅಣ್ಣನ ಮಗಳಿಗೆ ಮನೆದೇವತೆಯ ಹೆಸರು. ನನಗೆ ಇರುವವನು ಮಗ, ಅವನಿಗೆ ಅವರಪ್ಪನ ಕಡೆಯ ತಾತನ ಹೆಸರು. ಅಮ್ಮನ ಹೆಸರನ್ನು ಇಡಬೇಕು ಎಂದು ನಮಗೆ ಯಾರಿಗೂ ತೋಚಿರಲೇ ಇಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಪಾಡು. ಇನ್ನಾರದೋ ಎರಡನೇ ಹೆಂಡತಿಗಾಗಿ ಮಗನ ಮೇಲೆ ಕೂಗಾಡಿದವಳು ನಾನು. ಅವರು ಮತ್ತೇನೂ ಕೇಳಲಿಲ್ಲ, ಒಳ್ಳೆಯ ಮನುಷ್ಯ.

ಎರಡು ದಿನ ಬಿಟ್ಟು ಕಲ್ಲುಕೆಲಸದವನಿಗೆ ಅಕ್ಷರ ಕಳಿಸಿದರು. ‘ನಮ್ಮೆಲ್ಲರ ತಾಯಿ’ ಹೋಗಿತ್ತು. ಬಾಣಲೆ ಅಜ್ಜಿಯ ಹೆಸರಿನ ಕೆಳಗೆ ‘ಇವಳಿಗೂ, ಇವಳ ಹೆಸರನ್ನು ತನ್ನ ಮಗಳಿಗೆ ಇಟ್ಟವಳಿಗೂ’ ಎಂದಿತ್ತು. ಸೊಸೆ ಅದನ್ನು ಓದಿ ಅಪ್ಪನ ತೋಳಿಗೆ ಒರಗಿಕೊಂಡಳು. ಮಗುವಿಗೆ ಅದೇ ಹೆಸರು ಇರಲಿ, ಬದಲಾಯಿಸುವುದು ಬೇಡ ಎಂದು ಅಪ್ಪ ಮಗಳು ಇಬ್ಬರೂ ಒಪ್ಪಿಕೊಂಡರು.

ಹೆಣ್ಣು ಮಗುವೇ ಹುಟ್ಟಿತು. ಗುಂಡುಗುಂಡಗೆ, ತಲೆ ತುಂಬ ಕೂದಲು, ಅಳುವಾಗ ಮಾತ್ರ ಅಮೆರಿಕವೋ ಮೈಸೂರೋ ಹೇಳಲಾಗದ ದನಿ. ನಾನು ಎಣ್ಣೆ ನೀರು, ಮೆಣಸಿನ ಸಾರು, ಸಾಂಬ್ರಾಣಿ ಹೊಗೆ ಎಂದು ಓಡಾಡಿದೆ. ಪುಂಗೋಲಿನ ಗೆಳತಿಯೊಬ್ಬಳು ತನ್ನ ಮೊಮ್ಮಕ್ಕಳು ಮಲಗಿದ್ದ ಮರದ ತೊಟ್ಟಿಲು ಕೊಟ್ಟಳು. ಬಿಡಿಸಿ ಟ್ಯಾಕ್ಸಿಯಲ್ಲಿ ತಂದದ್ದನ್ನು ಬೀಗರು ಒಂದೂ ಮೊಳೆ ಹೊಡೆಯದೆ ಜೋಡಿಸಿದರು. ಹನ್ನೆರಡನೆಯ ದಿನ ನಾಮಕರಣ.

ತಟ್ಟೆಯಲ್ಲಿ ಅಕ್ಕಿ ಹರಡಿ ಮಗನ ಕೈಗೆ ಉಂಗುರ ಕೊಟ್ಟೆ. ನಮ್ಮಲ್ಲಿ ಮಗುವಿಗೆ ಒಂದು ಹೆಸರಿಟ್ಟು ಸುಮ್ಮನಾಗುವುದಿಲ್ಲ. ಮನೆದೇವರ ಹೆಸರೊಂದು, ನಕ್ಷತ್ರದ ಹೆಸರೊಂದು, ಕರೆಯುವ ಹೆಸರೊಂದು, ಎಲ್ಲವನ್ನೂ ಅಪ್ಪನಾದವನು ಉಂಗುರದಿಂದ ಅಕ್ಕಿಯ ಮೇಲೆ ಬರೆಯಬೇಕು, ಆಮೇಲೆ ಮಗುವಿನ ಕಿವಿಯಲ್ಲಿ ಹೇಳಬೇಕು. ಬಾಣಲೆ ಅಜ್ಜಿಯ ಹೆಸರು ಅಕ್ಕಿಯ ಮೇಲೆ ಕನ್ನಡ ಅಕ್ಷರದಲ್ಲಿ ಮೂಡಿತು. ಬೀಗರು ಬಗ್ಗಿ ಅದನ್ನು ನೋಡಿ, ಯಾವುದು ಮೊದಲ ಅಕ್ಷರ ಎಂದು ಮಗಳನ್ನು ಕೇಳಿ ತಿಳಿದುಕೊಂಡರು.

ತಟ್ಟೆಯ ಅಂಚಿನಲ್ಲಿ ಇನ್ನೂ ಜಾಗವಿತ್ತು. ವಾಯ್ಡ್ ಡೆಕ್ಕಿನಿಂದ ಮೇಲೆ ಬಂದಾಗಲೇ ನಾನು ಮನಸ್ಸು ಮಾಡಿಕೊಂಡಿದ್ದೆ.

“ಇನ್ನೊಂದು ಬರಿ ಕಣೋ. ನಿಮ್ಮಜ್ಜೀದು, ನಮ್ಮಮ್ಮನ ಹೆಸರು” ಎಂದೆ.

ಮಗ ತಲೆಯಾಡಿಸಿ ಉಂಗುರವನ್ನು ಅಕ್ಕಿಗೆ ತಾಗಿಸಿದ. ಅಲ್ಲೇ ನಿಂತ. ನನ್ನ ಮುಖ ನೋಡಿದ. ನನ್ನ ಅಮ್ಮ ಅವನಿಗೆ ಬರೀ ಮೈಸೂರಜ್ಜಿ. ಅವಳು ಹೋದಾಗ ಅವನಿನ್ನೂ ಸ್ಕೂಲಿಗೆ ಸೇರಿರಲಿಲ್ಲ. ಹೆತ್ತವರ ಹೆಸರು ಹಿಡಿದು ಮಾತಾಡುವುದು ನಮ್ಮಲ್ಲಿಲ್ಲ, ನಾನೂ ಅವನೆದುರು ಎಂದೂ ಹೇಳಿದವಳಲ್ಲ.

“ಅಮ್ಮಾ” ಎಂದ, ಮಾವನಿಗೆ ಕೇಳಿಸದಿರಲಿ ಎಂಬಂತೆ ಮೆಲ್ಲಗೆ. “ಸಾರಿ... ಅಜ್ಜಿ ಹೆಸ್ರೇನು?”

ಆ ಕಾಡಿನ ಹೆಂಗಸಿನ ಹೆಸರು ಅಳಿಸಿಹೋಗಲು ಏಳೆಂಟು ತಲೆಮಾರು ಹಿಡಿದಿರಬೇಕು ಎಂದುಕೊಂಡಿದ್ದೆ. ಒಂದು ತಲೆಮಾರು ಸಾಕು. ನಾನು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ, ಅಮ್ಮನ ಹೆಸರು ಹೇಳಿದೆ.